ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದು

ಗಂಗವ್ವ, ನಿನ್ನ ದನಿ ಗುಂಪಿನೊಳಗೆ ಕೂಡುವುದಿಲ್ಲ ಎಂದು ನಮಗೆ ಹಾಡು ಕಲಿಸುತ್ತಿದ್ದ ಮಾಸ್ತರಿಗೆ ಹೇಳಿದವಳು ನಾನು. ಹಾಡು ಕೇಳಲು ಮುಧೋಳದಿಂದ ಬಂದಿದ್ದ ಯಾರೋ ಹಾಗೆ ಅಂದರು ಎಂದು ನೀನು ಇವತ್ತಿಗೂ ತಿಳಿದಿದ್ದೀ. ಅವರು ಯಾರೂ ಏನೂ ಅನ್ನಲಿಲ್ಲ. ಅಂದದ್ದು ನಾನು — ನಿನ್ನ ಪಕ್ಕದ ಮನೆಯವಳು, ನಿನ್ನ ಜೊತೆಗೇ ಮಗ್ಗದ ಕಂಡಿಕೆಗೆ ನೂಲು ಸುತ್ತಿ ಬೆಳೆದವಳು.

ಆ ವರ್ಷ ನನ್ನ ಅವ್ವ ತೀರಿಕೊಂಡಿದ್ದಳು. ವರ್ಷ ತುಂಬುವ ತನಕ ಮಂದಿಯ ಮುಂದೆ ನಿಂತು ಹಾಡಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಜಮಖಂಡಿಯ ಸಮೂಹಗಾನಕ್ಕೆ ಬನಹಟ್ಟಿಯಿಂದ ನಮ್ಮ ಓಣಿಯ ಹೆಣ್ಣುಮಕ್ಕಳು ಹೊರಟಾಗ ನಾನು ಮನೆಯಲ್ಲೇ ಉಳಿಯುವವಳಿದ್ದೆ. ನೀನು ಬಾಗಿಲಿಗೆ ಬಂದು, "ಹಾಡಬ್ಯಾಡ, ಕೇಳಾಕರ ಬಾರಬೇ. ನಿಮ್ಮವ್ವನ ಹಾಡ ಹಾಡಾಕತ್ತೇವಿ" ಅಂದಿ. ಕೈ ಹಿಡಿದು ಬಸ್ಸು ಹತ್ತಿಸಿದಿ. ಆ ಕೈಗೆ ನಾನು ಮಾಡಿದ ಉಪಕಾರ ಇದು.

ಮಾಸ್ತರು ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು. ಹಾಡದೆ ಉಳಿದವರೊಬ್ಬರನ್ನು ಹಿಂದೆ ಕೂರಿಸಿ, ಅಲ್ಲಿಗೆ ಹೇಗೆ ಕೇಳಿಸಿತು ಎಂದು ಆಮೇಲೆ ಗುಟ್ಟಾಗಿ ವಿಚಾರಿಸುವುದು ಅವರ ರೂಢಿ. ಹಾಗೆ ಹಿಂದೆ ಕುಳಿತವರು ಹೇಳಿದ್ದೇ ಕೊನೆಯ ಮಾತು.

ಆ ದಿನ ನನ್ನ ಕಿವಿಗೆ ಏನೂ ಸೇರಲಿಲ್ಲ. ಬೀಳಗಿಯ ಹೆಣ್ಣುಮಕ್ಕಳ ಜೋಗುಳ ಬರೀ ಗೋಳು ಅನ್ನಿಸಿತು. ಹಾರ್ಮೋನಿಯಂ ತಲೆ ತಿಂದಿತು. ಆಮೇಲೆ ನೀವು ನಿಂತಿರಿ, ಅವ್ವನ ಹಾಡು ಎತ್ತಿದಿರಿ…

ಅವ್ವ ಅದನ್ನು ಕೈಮಗ್ಗದ ಮುಂದೆ ಕುಳಿತು ಹಾಡುತ್ತಿದ್ದಳು. ಲಾಳಿ ಈ ಕಡೆಯಿಂದ ಹೋಗಿ ಆ ಕಡೆ ಮುಟ್ಟುವ ತನಕ ಸಾಲಿನ ಕೊನೆಯ ಸ್ವರವನ್ನು ಬಿಡುತ್ತಿರಲಿಲ್ಲ. ನನಗೆ ಅದು ಎಂದೂ ಬರಲಿಲ್ಲ, ನಿನಗೆ ಬಂತು. "ನನ್ನ ಮಗಳಿಗೆ ಕಿವಿ ಕೊಟ್ಟ, ಗಂಗಿಗೆ ಗಂಟಲ ಕೊಟ್ಟ ದೇವರು" ಎಂದು ಅವ್ವ ನಗುತ್ತಿದ್ದಳು. ಅವಳಿದ್ದಾಗ ನಾನೂ ನಗುತ್ತಿದ್ದೆ. ಅವತ್ತು ಮಾತ್ರ — ಅಷ್ಟು ದನಿಗಳೊಳಗೆ ನನಗೆ ನಿನ್ನದೊಂದೇ ಕೇಳಿಸಿತು. ಉರಿ ಎದ್ದಿತು. ಸತ್ತವಳು ನನ್ನ ಅವ್ವ, ಅವಳ ಹಾಡು ಇವಳ ಬಾಯಲ್ಲಿ ಯಾಕೆ?

ತಿರುಗಿ ಬರುವಾಗ ಬಸ್ಸಿನಲ್ಲಿ ಮಾಸ್ತರು ಕೇಳಿದರು. ನೀನು ಮುಂದೆ ಕುಳಿತು ಎಲ್ಲರಿಗೂ ಚುರುಮುರಿ ಹಂಚುತ್ತಿದ್ದಿ. "ಗಂಗವ್ವನ ದನಿ ಒಂದ ಎದ್ದ ಕೇಳಸ್ತೈತ್ರಿ. ಉಳದವರ ಜೋಡಿ ಕೂಡಂಗಿಲ್ಲ" ಅಂದೆ. ಕೇಳಿಸಿದ್ದನ್ನೇ ಹೇಳಿದೆ, ಖರೆ. ಆದರೆ ಹೇಳುವಾಗ ಒಳಗೆ ಹಿತ ಅನ್ನಿಸಿತು — ಅದನ್ನು ಎಲ್ಲಿ ಮುಚ್ಚಿಡಲಿ?

ಮಾಸ್ತರು, ಯಾರ ಮಾತೆಂದು ಹೇಳದೆ, ನಿನ್ನ ದನಿ ಕೂಡುವುದಿಲ್ಲ, ಇಳಿಸು ಎಂದರು. ಇಳಿಸಿದಿ. ಇನ್ನೂ ಇಳಿಸಿದಿ. ಕೊನೆಗೆ ತಾಲೀಮಿಗೆ ಬರುವುದನ್ನೇ ಬಿಟ್ಟಿ. ಒಂದು ಸಂಜೆ ನೀರು ತುಂಬುವಾಗ ನನ್ನನ್ನೇ ಕೇಳಿದಿ, "ನೀ ಹಿಂದ ಕುಂತಿದ್ದಿ. ನಿನಗೂ ಹಂಗ ಕೇಳಿಸ್ತೇನ?" ಅಂತ.

ಆಗಲಾದರೂ ಹೇಳಬಹುದಿತ್ತು. "ಮುಧೋಳದವರು ಯಾರೋ ಅಂದ್ರಂತ. ನನಗೇನ ತಿಳೀಲಿಲ್ಲಬೇ" ಅಂದೆ. ನೀನು ಕೊಡ ಎತ್ತಿಕೊಂಡು ಒಳಗೆ ಹೋದಿ.

ನಿನ್ನ ಮಗಳ ಮದುವೆಯಲ್ಲಿ ಹೆಂಗಸರೆಲ್ಲ ಸೇರಿ ಒಂದು ಪದ ಹಾಡು ಎಂದು ನಿನ್ನ ಬೆನ್ನು ಹತ್ತಿದರು. "ನನ್ನ ದನಿ ಮಂದಿ ಜೋಡಿ ಕೂಡಂಗಿಲ್ಲರೀ" ಎಂದು ನೀನು ನಕ್ಕಿ. ನನ್ನ ಮಾತನ್ನೇ ಅಷ್ಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದಿ. ನಾನು ಅಲ್ಲೇ ಪಕ್ಕದಲ್ಲಿ ನಿಂತು ಅಕ್ಷತೆ ಹಿಡಿದಿದ್ದೆ.

ಮೊನ್ನೆ ಮತ್ತೆ ಜಮಖಂಡಿಗೆ ಹೋಗಿದ್ದೆ. ನಮ್ಮ ಓಣಿಯ ಸೊಸೆಯಂದಿರು ಈಗ ಹಾಡುತ್ತಾರೆ. ಹಿಂದಿನ ಸಾಲಿನಲ್ಲೇ ಕುಳಿತೆ. ಬೀಳಗಿಯವರು ಹಾಡಿದ್ದು ಅದೇ ಜೋಗುಳ — ಅದೆಷ್ಟು ಛಲೋ ಇತ್ತು ಅಂತೀ, ಕಣ್ಣು ತುಂಬಿ ಬಂತು. ಆಮೇಲೆ ನಮ್ಮವರು ಅವ್ವನ ಹಾಡು ಹಾಡಿದರು. ಒಂದು ತಪ್ಪಿಲ್ಲ. ಸಾಲು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತಿದ್ದರು. ನನ್ನ ಜೀವ ಮಾತ್ರ ಪ್ರತಿ ಸಾಲಿಗೂ ಕಾಯುತ್ತಿತ್ತು, ಲಾಳಿ ಇನ್ನೂ ಆ ಕಡೆ ಮುಟ್ಟಿಲ್ಲ, ಇನ್ನೂ ಮುಟ್ಟಿಲ್ಲ ಅಂತ. ಮಂದಿ ಚಪ್ಪಾಳೆ ಹೊಡೆದರು.

ಮಾಸ್ತರ ಮಗಳು ಆವತ್ತಿನ ನಿಮ್ಮ ಹಾಡನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳಂತೆ. ಕೇಳಿ ತರಿಸಿಕೊಂಡೆ. ಮಗ್ಗ ನಿಲ್ಲಿಸಿ, ಕಿವಿಗೆ ಹಚ್ಚಿ ಕೇಳಿದೆ. ಗಂಗವ್ವ, ನಿನ್ನ ದನಿ ಎಲ್ಲೂ ಎದ್ದು ಕೇಳಿಸುವುದಿಲ್ಲ. ಹುಡುಕಬೇಕು. ಎಲ್ಲರ ಕೆಳಗೆ ಕುಳಿತು ಎಲ್ಲರನ್ನೂ ಹಿಡಿದುಕೊಂಡಿದೆ. ಸಾಲಿನ ಕೊನೆಗೆ ಉಳಿದವರು ಉಸಿರು ತೆಗೆದುಕೊಳ್ಳುವಾಗ ಮಾತ್ರ ಸಣ್ಣಗೆ, ಅವ್ವನ ಹಾಗೆ, ಒಂಚೂರು ಮುಂದೆ ಹೋಗುತ್ತದೆ. ಅವತ್ತು ನಾನು ಹೋದದ್ದು ಹಾಡು ಕೇಳಾಕಲ್ಲ, ಅವ್ವನನ್ನು ಹುಡುಕಾಕ. ಸಿಕ್ಕಳು. ನಿನ್ನ ಗಂಟಲಲ್ಲಿ ಸಿಕ್ಕಳು ಎಂದು ಸಿಟ್ಟಾದೆ.

ಬರುವ ಸೋಮವಾರ ವಾರದ ರಜೆ, ಓಣಿಯ ಮಗ್ಗಗಳೆಲ್ಲ ನಿಂತಿರುತ್ತವೆ. ನಿನ್ನ ಮನೆಗೆ ಬರುತ್ತೇನೆ. ಮೊದಲು ನಾನು ಅಂದದ್ದನ್ನು ಹೇಳುತ್ತೇನೆ, ಆಮೇಲೆ ಮೊಬೈಲು ನಿನ್ನ ಕಿವಿಗೆ ಹಿಡಿಯುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ತಪ್ಪು ತಿಳಿಯುವುದಿಲ್ಲ. ಹಾಡು ಎಂದು ಕೇಳುವ ಬಾಯಿ ನನಗಿಲ್ಲ. ಅವ್ವನ ಹಾಡು ಇನ್ನೊಮ್ಮೆ ಕೇಳಬೇಕು ಎಂದು ಜೀವ ಒದ್ದಾಡುತ್ತದೆ — ಅವಳು ಹೋದ ಮೇಲೂ ಅದು ಪಕ್ಕದ ಮನೆಯಲ್ಲೇ ಇತ್ತು. ನಿಲ್ಲಿಸಿದವಳು ನಾನು.