ಕೊಂಬಿನ ಬುರುಡೆಯ ಪ್ಲೇಟು

ನಮ್ಮ ಭಾವನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಗ್ರಾಮಫೋನ್ ಪಿನ್ನಿಗೆ ಕೂತ ಧೂಳನ್ನು ಅದರಿಂದಲೇ ತೆಗೆಯುತ್ತಿದ್ದರು. ಹಿರಿಯೂರು ಬಸ್ ಸ್ಟ್ಯಾಂಡ್ ಹಿಂದೆ ಅವರದು ಮೈಕ್ ಸೆಟ್ ಅಂಗಡಿ. ಸುತ್ತಲ ಮದುವೆಗಳಿಗೆಲ್ಲ ಅವರದೇ ಹಾಡು, ಅವರದೇ 'ಹಲೋ ಹಲೋ'. ಮನೆಯಲ್ಲಿ ಯಾರಾದರೂ ರೇಗಿದರೆ "ವಾಲ್ಯೂಮ್ ಇಳಿಸ್ರಪ್ಪ" ಅನ್ನುವರು. ಅಕ್ಕನಿಗೆ ಅಂಥ ಗಂಡ ಸಿಕ್ಕಿದ್ದಕ್ಕೆ ನನಗೇ ಹೆಚ್ಚು ಜಂಬ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಹೈವೇಯಲ್ಲಿ ವ್ಯಾನು ಕೆಟ್ಟು ನಿಂತಿದ್ದ ಉದ್ದಗೂದಲಿನ ಬಿಳಿಯನೊಬ್ಬನಿಗೆ ಭಾವ ಬ್ಯಾಟರಿ ಚಾರ್ಜ್ ಮಾಡಿಕೊಟ್ಟರಂತೆ. ಅವನು ಖುಷಿಗೆ ಒಂದು ಗ್ರಾಮಫೋನ್ ಪ್ಲೇಟು ಕೊಟ್ಟು ಹೋದ. ಕವರಿನ ಮೇಲೆ ಕೊಂಬಿರುವ ತಲೆಬುರುಡೆ, ಕೆಳಗೆ ಕಪ್ಪು ಮೇಣದಬತ್ತಿಗಳು. ಹಾಡೋ, ಅಬ್ಬಬ್ಬಾ! ಗಿಟಾರಿನ ಗುಡುಗಿಗೆ ಪಾತ್ರೆಗಳೆಲ್ಲ ನಡುಗುತ್ತಿದ್ದವು. ಭಾವನ ತಾಯಿ "ಶಿವಶಿವಾ" ಎಂದು ವಿಭೂತಿ ಹಚ್ಚಿಕೊಂಡರೆ ಭಾವ ನಗುತ್ತಿದ್ದರು.

"ಹೆದರ್ಬ್ಯಾಡವ್ವ. ನಾಟಕದಾಗೆ ಯಮ ಕೊಂಬು ಕಟ್ಕಂಡ್ ಬರಲ್ವಾ? ಇವ್ರೂ ಹಂಗೇ, ಬಣ್ಣ ಹಚ್ಕಂಡ್ ಕುಣಿಯೋ ಹುಡುಗ್ರು."

ಆಗ ಅಕ್ಕ ಬಸುರಿ. ಹೆರಿಗೆಗೆ ಶ್ರೀರಾಂಪುರಕ್ಕೆ, ನಮ್ಮ ಮನೆಗೆ ಬಂದಳು. ಗಂಡುಮಗು. ಹುಟ್ಟುವಾಗಲೇ ಉಸಿರಿರಲಿಲ್ಲ.

"ಕೊಂಬಿನ ದೆವ್ವನ ಮನೆಯಾಗಿಟ್ಕಂಡು ಬಸುರಿ ಕಣ್ಣಿಗೆ ದಿನಾ ತೋರ್ಸಿದ್ಯಲ್ಲೋ!" ಎಂದು ಭಾವನ ತಾಯಿ ಎದೆ ಬಡಿದುಕೊಂಡು, ಕವರನ್ನು ಒಲೆಗೆ ಹಾಕಿದರು. ಬಾಣಂತನ ಮುಗಿದರೂ ಅಕ್ಕ ಹಿರಿಯೂರಿಗೆ ಹೊರಡಲಿಲ್ಲ, ಯಾರೊಂದಿಗೂ ಮಾತಿಲ್ಲ. ಆ ಪ್ಲೇಟಿರುವ ಮನೆಗೆ ಕಾಲಿಡಲು ಅವಳಿಗೆ ಭಯ ಎಂದೇ ನಾವೆಲ್ಲ ತಿಳಿದೆವು. ನಗುತ್ತಿದ್ದ ಭಾವನೂ ನಂಬತೊಡಗಿದರು. ಒಮ್ಮೆ ನನ್ನನ್ನೇ ಕೇಳಿದರು: "ಓದಿದೋಳು ನೀನು, ಹೇಳವ್ವ. ನಾನೇ ತಂದ್ನಾ ಅದನ್ನ ಮನೆ ಒಳಗೆ?"

ಕೊನೆಗೆ ಒಂದು ಅಮಾವಾಸ್ಯೆ ದಿನ ಭಾವ ಆ ಪ್ಲೇಟಿಗೆ ಕುಂಕುಮ ಬಳಿದು, ಮನೆಗೆ ನಿವಾಳಿಸಿ, ದೃಷ್ಟಿ ತೆಗೆದ ಬೂದುಗುಂಬಳದ ಹಾಗೆ ಮೂರು ದಾರಿ ಕೂಡುವಲ್ಲಿ ಒಡೆದರು. ನಿವಾಳಿಸಿ ಒಡೆದದ್ದನ್ನು ಮತ್ತೆ ಮುಟ್ಟಬಾರದು. ಆದರೂ ಅಕ್ಕ ನಂಬಲಿ ಎಂದು ಒಂದು ಚೂರನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮೂರಿನ ಬಸ್ಸು ಹತ್ತಿದರು.

"ಒಡೆದಾಕ್ಬಿಟ್ಟೆ ಕಣೆ. ಇನ್ನೇನೂ ಇಲ್ಲ ಮನೆಯಾಗೆ. ಬಾ, ಹೋಗಾಣ."

ಅಕ್ಕ ಚೂರನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಯಾಕ್ರೀ ಒಡೆದ್ರಿ?" ಎಂದಳು. "ಇದು ಹಾಕ್ದಾಗಲೇ ಅವ್ನು ಹೊಟ್ಟೆಯಾಗೆ ಒದೀತಿದ್ದ. ಬ್ಯಾರೆ ಯಾವ ಹಾಡಿಗೂ ಒದೀತಿರ್ಲಿಲ್ಲ."

ಭಾವ ಪಡಸಾಲೆಯಲ್ಲೇ ಕುಸಿದು ಕೂತು, ಹೆಂಗಸರ ಮುಂದೆ ಎನ್ನುವುದನ್ನೂ ಮರೆತು ಹೋ ಎಂದು ಅತ್ತರು. ಮಗು ಹೋದ ಮೇಲೆ ಅವರು ಅತ್ತದ್ದು ಅದೇ ಮೊದಲು. ಸಂಜೆಯ ಬಸ್ಸಿಗೆ ಅಕ್ಕ ಅವರ ಜೊತೆ ಹೊರಟಳು.

ಮುಂದೆ ಅವರಿಗೆ ಮಕ್ಕಳಾಗಲಿಲ್ಲ. ಬೆಂಗಳೂರಿಗೆ ಹೋದಾಗಲೆಲ್ಲ ಭಾವ ಪ್ಲೇಟಿನ ಅಂಗಡಿಗಳಿಗೆ ನುಗ್ಗುತ್ತಿದ್ದರು. ಹಾಡಿನ ಹೆಸರು ಗೊತ್ತಿರಲಿಲ್ಲವಲ್ಲ, ಆ ಗಿಟಾರನ್ನು ಬಾಯಲ್ಲೇ ನುಡಿಸಿ ತೋರಿಸುವರು. ಅಂಗಡಿಯವರು ನಕ್ಕು ಇಲ್ಲ ಎನ್ನುವರು. ಸಾಯುವವರೆಗೂ ಹಾಗೇ ಕೇಳಿದರು.