ಕುದಿನೀರಿಗೆ ಸಿಕ್ಕ ಅಚ್ಚು

ಆ ಕ್ಷೌರಿಕನ ನಾಲಿಗೆ ಅವನ ಕತ್ತರಿಗಿಂತ ಹರಿತ. ಕುರ್ಚಿಯಲ್ಲಿ ಕೂತವರನ್ನು ನಗಿಸದೆ ಕಳಿಸುತ್ತಿರಲಿಲ್ಲ. ಆ ನಗೆಗೆ ಬಹಳ ಸಲ ಬಂಡವಾಳವಾದವಳು ಅವನ ಹೆಂಡತಿಯೇ. ಅವಳ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಮದುವೆಯಾದ ಹೊಸದರಲ್ಲೇ ಅವಳಿಗೆ ‘ಮುರುಕು ಬಾಚಣಿಗೆ’ ಎಂದು ಹೆಸರಿಟ್ಟ; ಮಕ್ಕಳು ದೊಡ್ಡವರಾದರೂ ಬಿಡಲಿಲ್ಲ. ಅವಳು ಎದುರಾಡಲಿಲ್ಲ. ಅದನ್ನೇ ಅವನು ಒಪ್ಪಿಗೆ ಎಂದುಕೊಂಡ.

ಐವತ್ತರ ಹೊಸ್ತಿಲಲ್ಲಿ ಅವಳು ಯಾರನ್ನೂ ಕೇಳದೆ ಹಲ್ಲಿನ ಡಾಕ್ಟರ ಬಳಿ ಹೋಗಿ ಅಲೈನರ್ ಹಾಕಿಸಿಕೊಂಡು ಬಂದಳು. ಹಲ್ಲನ್ನು ಮೆಲ್ಲಮೆಲ್ಲಗೆ ಸಾಲಿಗೆ ತರುವ, ಗಾಜಿನಂಥ ತೆಳು ಪ್ಲಾಸ್ಟಿಕ್ ಅಚ್ಚು.

“ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು?” ಎಂದ.

“ನನಗೆ ಬೇಕಿತ್ತು,” ಎಂದಳು.

ಒಂದು ಬೆಳಿಗ್ಗೆ ತಿಂಡಿಗೆ ಮೊದಲು ಅವಳು ಅದನ್ನು ತೆಗೆದು ಲೋಟದಲ್ಲಿಟ್ಟಿದ್ದಳು. ಅದನ್ನು ತೊಳೆಯಲು ತಾನೂ ಒಂದು ಕೈ ಹಚ್ಚೋಣ ಎನಿಸಿತು ಅವನಿಗೆ. ಅಂಗಡಿಯ ಕತ್ತರಿಗೆ ಮಾಡುವ ಹಾಗೆ ಕೊತಕೊತ ಕುದಿಯುವ ನೀರು ಸುರಿದ. ನೋಡನೋಡುತ್ತಲೇ ಅಚ್ಚು ಮುರುಟಿಕೊಂಡಿತು.

ಅವಳು ಬಾಯಿಗೆ ಹಾಕಿ ನೋಡಿದಳು, ಕೂರಲಿಲ್ಲ. “ಬೇಕಂತಲೇ ಮಾಡಿದ್ರಾ?” ಎಂದು ಮೆಲ್ಲಗೆ ಕೇಳಿದಳು.

“ಇಲ್ವೇ. ಕ್ರಿಮಿ ಸಾಯ್ಲಿ ಅಂತ ಕಣೇ.”

“ಇರಬಹುದು ಬಿಡಿ.”

ಆ ‘ಇರಬಹುದು’ ಅವನ ಎದೆಯಲ್ಲಿ ಮುಳ್ಳಾಗಿ ಕೂತಿತು. ಇಷ್ಟು ವರ್ಷ ಜೊತೆ ಬಾಳಿದವಳ ಕಣ್ಣಿಗೆ ತಾನು ಬೇಕೆಂದೇ ಕೆಡಿಸುವವನಂತೆ ಕಂಡೆನಲ್ಲ ಎಂದು ಕೊರಗಿದ. ಹಾಗೆ ಕಾಣದಿರಲು ತಾನು ಮಾಡಿದ್ದೇನು ಎಂದು ಹುಡುಕಿದರೆ ಏನೂ ಸಿಗಲಿಲ್ಲ.

ಡಾಕ್ಟರಮ್ಮನ ಮುಂದೆ ಅವನೇ ತಪ್ಪೊಪ್ಪಿಕೊಂಡ.

“ಬಿಸಿನೀರು ತಾಗಿಸ್ಲೇಬೇಡಿ, ಯಜಮಾನ್ರೇ,” ಎಂದರು ಆಕೆ. “ತಣ್ಣೀರು ಸಾಕು. ಮೆತ್ತನೆ ಬ್ರಶ್, ವಾಸನೆ ಇಲ್ಲದ ಸೋಪು ಒಂದು ತೊಟ್ಟು. ಪೇಸ್ಟ್ ಹಾಕಿ ಉಜ್ಜಿದ್ರೆ ಗೀರು ಬೀಳುತ್ತೆ. ಕ್ರಿಮಿ ಸಾಯೋಕೆ ಅದಕ್ಕೇ ಅಂತ ಮಾತ್ರೆ ಇದೆ; ನೀರಲ್ಲಿ ಹಾಕಿ ನೆನೆಸಿ, ಆಮೇಲೆ ಚೆನ್ನಾಗಿ ತೊಳೀರಿ.”

ಹೊಸ ಅಚ್ಚು ಬಂದ ಮೇಲೆ ತೊಳೆಯುವ ಕೆಲಸವನ್ನು ಅವನು ಕೇಳಿ ಪಡೆದ. ಮೊದಮೊದಲು ಅವಳು ಪಕ್ಕದಲ್ಲೇ ಕಾವಲು ನಿಲ್ಲುತ್ತಿದ್ದಳು. ಕ್ಷಮಿಸು ಎನ್ನಲು ಅವನು ಒಂದೆರಡು ಸಲ ಬಾಯಿ ತೆರೆದ. ಊರನ್ನೇ ನಗಿಸಿದ ನಾಲಿಗೆ ಅಲ್ಲಿ ಏಳಲಿಲ್ಲ.

ಹಲ್ಲು ಸಾಲಿಗೆ ಬಂತು. ಒಂದು ಸಂಜೆ ಅವನು ಅಂಗಡಿಯಿಂದ ಬರುವಾಗ ಅವಳು ಪಕ್ಕದ ಮನೆಯಾಕೆಯೊಡನೆ ಮೆಟ್ಟಿಲ ಮೇಲೆ ಕೂತು ಬಾಯ್ತುಂಬ ನಗುತ್ತಿದ್ದಳು. ಅಂಥ ನಗುವನ್ನು ಅವನು ಅವಳ ಮುಖದಲ್ಲಿ ಕಂಡೇ ಇರಲಿಲ್ಲ. ರಸ್ತೆಯಾಚೆಯೇ ನಿಂತ. ಹತ್ತಿರ ಹೋದರೆ ಆ ನಗು ಎಲ್ಲಿ ನಿಂತುಹೋಗುತ್ತದೋ ಎಂದು ಅಳುಕಿ, ಇನ್ನೊಂದು ಸುತ್ತು ಹಾಕಿ ಬರೋಣವೆಂದು ಬಂದ ದಾರಿಯಲ್ಲೇ ತಿರುಗಿದ.