ರಾಣಿಯ ಹುಟ್ಟುಹಬ್ಬದ ಮಲ್ಲಿಗೆ

ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಫೋನಿನಲ್ಲಿ ಸುದ್ದಿ ಬಂತು: ಥಾಯ್ಲೆಂಡಿನ ರಾಜಮಾತೆ ತೀರಿಕೊಂಡರಂತೆ. "ತುಂಬಾ ವಯಸ್ಸಾಗಿತ್ತಲ್ಲ, ಬಿಡು," ಎಂದರು ನನ್ನವರು. ನಿಜವೇ. ಆದರೆ ನನಗೆ ನೊಯ್ ನೆನಪಾದಳು.

ತೊಂಬತ್ತರ ದಶಕದಲ್ಲಿ ಅಮೆರಿಕದ ನಾರ್‌ಕ್ರಾಸ್‌ನಲ್ಲಿ ನಮ್ಮ ಎದುರು ಅಪಾರ್ಟ್‌ಮೆಂಟಿನಲ್ಲಿದ್ದವಳು ನೊಯ್. ನನಗಿಂತ ಹತ್ತು ವರ್ಷ ದೊಡ್ಡವಳು. ಮಾಲ್‌ನ ಅಂಗಡಿಯೊಂದರಲ್ಲಿ ಬಟ್ಟೆ ಆಲ್ಟರ್ ಮಾಡುತ್ತಿದ್ದಳು. ಅವಳ ಗೋಡೆಯ ಮೇಲೆ, ಆಗಿನ್ನೂ ಪಟ್ಟದಲ್ಲಿದ್ದ ಈ ರಾಣಿಯ ಫೋಟೊ. ಮೈಸೂರಿನ ನಮ್ಮ ಮನೆಯಲ್ಲೂ ಮಹಾರಾಜರ ಪಟಕ್ಕೆ ಅಜ್ಜಿ ಹೂ ಮುಡಿಸುತ್ತಿದ್ದುದನ್ನು ಮರೆತು, ಇಡೀ ಪ್ರಜಾಪ್ರಭುತ್ವವೇ ನನ್ನನ್ನು ಕಳಿಸಿದೆಯೇನೋ ಎಂಬಂತೆ ಕೇಳಿಬಿಟ್ಟೆ, "ಈ ರಾಣಿ ನಿಂಗೇನ್ ಮಾಡಿದ್ದಾರೆ?"

ನಮ್ಮಿಬ್ಬರದೂ ಹರಕು ಇಂಗ್ಲಿಷ್. ಆದರೂ ಅವಳ ಉತ್ತರ ನೇರವಾಗಿತ್ತು.

"ನನ್ನನ್ನ ಸ್ಕೂಲಲ್ಲಿ ಉಳಿಸಿದ್ರು."

ಅವಳದು ಥಾಯ್ಲೆಂಡಿನ ಈಶಾನ್ಯದ ಬಡ ಹಳ್ಳಿ. ಅಲ್ಲಿಯ ಹೆಂಗಸರು ತಾವು ಉಡಲಷ್ಟೇ ರೇಷ್ಮೆ ನೇಯುತ್ತಿದ್ದರು. ಪಟ್ಟಣದಲ್ಲಿ ಅದು ಮನೆಗೆಲಸದವರ ಬಟ್ಟೆ. ಆ ಕಡೆ ಬಂದ ರಾಣಿ ಅದನ್ನು ಮೆಚ್ಚಿ, ತಾನೇ ಉಡುತ್ತೇನೆ, ನೇಯ್ದು ಕೊಡಿ ಎಂದರಂತೆ. ರಾಣಿ ಉಟ್ಟ ಮೇಲೆ ಪಟ್ಟಣದ ಶ್ರೀಮಂತರಿಗೂ ಅದೇ ಬೇಕಾಯಿತು. ನೊಯ್‌ಳ ತಾಯಿಗೆ ಕೈತುಂಬ ಕೆಲಸ. ಬ್ಯಾಂಕಾಕಿನಲ್ಲಿ ಮನೆಗೆಲಸಕ್ಕೆ ಹೊರಡಬೇಕಿದ್ದ ಮಗಳ ಪೆಟ್ಟಿಗೆ ಮತ್ತೆ ಅಟ್ಟ ಸೇರಿತು.

ಅವಳು ಇದನ್ನು ಹೇಳಿದ ವರ್ಷವೇ ಊರಲ್ಲಿ ನನ್ನ ಅಮ್ಮ ಹೋದಳು. ನಮ್ಮ ವೀಸಾ ಅರ್ಧಕ್ಕೆ ನಿಂತಿತ್ತು. ಊರಿಗೆ ಹೋದರೆ ವಾಪಸ್ ಬರುವ ಭರವಸೆ ಇರಲಿಲ್ಲ. ಕ್ರಿಯೆಯೆಲ್ಲ ನನಗೆ ಫೋನಿನಲ್ಲೇ ಮುಗಿಯಿತು. ಅಳು ಬರಲಿಲ್ಲ. ಎಂದಿನಂತೆ ಅಡುಗೆ, ಲಾಂಡ್ರಿ, ಮಗಳ ಪ್ರೀಸ್ಕೂಲ್. ಮಗು ಹತ್ತಿರ ಬಂದರೆ ಮಾತ್ರ ಏಕೋ ರೇಗುತ್ತಿತ್ತು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ನೊಯ್ ತನ್ನ ಕುಂಡದ ಮಲ್ಲಿಗೆಯನ್ನು ಕಟ್ಟಿ ತಂದಳು. ರಾಣಿಯ ಹುಟ್ಟುಹಬ್ಬವೇ ಅವರಲ್ಲಿ ತಾಯಂದಿರ ದಿನವಂತೆ. ಮಕ್ಕಳು ತಾಯಿಗೆ ಮಲ್ಲಿಗೆ ಕೊಡುತ್ತಾರಂತೆ.

"ಯಾರಿಗ್ ಕೊಡ್ಲಿ ನಾನು?" ಎಂದೆ, ಒರಟಾಗಿಯೇ.

"ನೀನು ಕೊಡೋದಲ್ಲ. ಕೂತ್ಕೋ."

ನನ್ನನ್ನು ಸೋಫಾದ ಮೇಲೆ ಕೂರಿಸಿ, ಮಗಳ ಕೈಗೆ ಹೂ ಕೊಟ್ಟು, ಮೊಣಕಾಲೂರಿ ತಲೆ ಬಾಗುವುದು ಹೇಗೆಂದು ತೋರಿಸಿದಳು. ಮಗು ಹಾಗೇ ಮಾಡಿತು. ನನ್ನ ಮಡಿಲಲ್ಲಿ ಹೂವಿಟ್ಟು ಮುಖ ನೋಡಿ, "ಅಮ್ಮಾ, ಇದು ಫಾರ್ ಯೂ. ಕೋಪ ಹೋಯ್ತಾ?" ಎಂದಿತು.

ಅಷ್ಟು ತಿಂಗಳು ಎಲ್ಲಿತ್ತೋ ಆ ಅಳು. ಮಗಳನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ನೊಯ್ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟಳು.

ಈಗ ಅವಳು ರಾಲಿ ಎಂಬ ಊರಿನಲ್ಲಿ ಮಗನ ಜೊತೆ ಇದ್ದಾಳೆ. ಸಮಾಧಾನ ಹೇಳೋಣವೆಂದು ಫೋನ್ ಮಾಡಿದೆ. ಅತ್ತು ಅವಳ ದನಿ ಒಡೆದಿತ್ತು. "ಶನಿವಾರ ಡ್ರೈವ್ ಮಾಡ್ಕೊಂಡು ಬರ್ತೀನಿ," ಎಂದೆ.

"ಬಾ. ತಿಂಡಿ ತಿಂದ್ಯಾ?"

"ಇನ್ನೂ ಇಲ್ಲ."

"ಹಾಗಾದ್ರೆ ಫೋನ್ ಇಡು. ಮೊದ್ಲು ತಿನ್ನು."

"ಯಾರ್ ಜೊತೆ ಮಾತಾಡ್ತಿದ್ದೆ?" ಎಂದರು ನನ್ನವರು ಒಳಗಿನಿಂದ.

"ಅಕ್ಕನ ಜೊತೆ," ಎಂದೆ. ಹೇಳಿಯಾದ ಮೇಲೆ ಹೊಳೆಯಿತು, ಮನೆಗೆ ನಾನೇ ಹಿರಿಯ ಮಗಳು.